ಗಾಳಿ ಬಿಟ್ಟಿರಾ ಮಾಷ್ಟ್ರೆ?

ನನ್ನ ಹೆಂಡತಿಯ ತವರುಮನೆ ಇರುವುದು ಕುದ್ರುವಿನಲ್ಲಿ. ಕುದ್ರು ಎಂದರೆ ಹೊಳೆಯ ನಡುವಿನ ನಡುಗಡ್ಡೆ ಎಂದು ನಿಘಂಟು ಹೇಳೀತು. ಅಳಿಯನಾದವನನ್ನು ಕೇಳಿದರೆ ಅರ್ಥ ಬೇರೆ. ಸಿಟ್ಟು ಮಾಡಿಕೊಂಡು ಚಪ್ಪಲಿ ಮೆಟ್ಟಿ ಹೊರಟರೂ ದೋಣಿ ಬರುವ ತನಕ ಅದೇ ಜಗಲಿಯಲ್ಲಿ ಕೂತು, ಅದೇ ಮನೆಯ ಕಾಫಿ ಕುಡಿಯಬೇಕಾದ ಜಾಗವೇ ಕುದ್ರು.

ಕುಂದಾಪುರದ ಆಸುಪಾಸಿನಲ್ಲಿ ಇಂಥ ಕುದ್ರುಗಳಿಗೆ ಬರವಿಲ್ಲ. ಸೌಪರ್ಣಿಕಾ, ಚಕ್ರಾ, ವಾರಾಹಿ ಮುಂತಾದ ಐದು ಹೊಳೆಗಳು ಬಂದು ಪಂಚಗಂಗಾವಳಿ ಎಂಬ ಒಂದೇ ಹೆಸರಿನಲ್ಲಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತವೆ. ಸೇರುವ ಮುಂಚೆ ಕೂಡುಕುಟುಂಬದ ಅಣ್ಣತಮ್ಮಂದಿರ ಹಾಗೆ ಒಂದನ್ನೊಂದು ತಳ್ಳಾಡಿ, ನಡುವೆ ಅಷ್ಟಷ್ಟು ಮಣ್ಣು ಬಿಟ್ಟು ಹೋಗುತ್ತವೆ. ಆ ಮಣ್ಣಿನ ಮೇಲೆ ತೆಂಗಿನ ತೋಟ, ತೋಟದೊಳಗೆ ಮನೆ, ಮನೆಯೊಳಗೆ ನನ್ನ ಅತ್ತೆ. ನಾನಾದರೋ ಘಟ್ಟದ ಮೇಲಿನವನು. ನೀರು ಬಾವಿಯಲ್ಲಿರಬೇಕು, ಹೆಚ್ಚೆಂದರೆ ಬಚ್ಚಲ ಹಂಡೆಯಲ್ಲಿರಬೇಕು. ಅದರ ಮೇಲೆ ಮನುಷ್ಯ ಕೂತು ಪ್ರಯಾಣ ಮಾಡುವುದು ಸೃಷ್ಟಿನಿಯಮಕ್ಕೆ ವಿರುದ್ಧ ಎಂದು ನಂಬಿದ್ದವನು.

ಅಂಥವನ ಕೈಗೆ ದೋಣಿ ಬಂದದ್ದು ಭಾವಮೈದನ ದೆಸೆಯಿಂದ. ಅವನು ಹೋಟೆಲು ನಡೆಸುತ್ತೇನೆಂದು ಬೆಂಗಳೂರಿಗೆ ಹೊರಟ. ಕುಂದಾಪುರದವರು ಬೆಂಗಳೂರಿಗೆ ಹೊರಟರೆ ಹೋಟೆಲಿಗೇ ಎಂದು ಲೆಕ್ಕ, ಅದರಲ್ಲಿ ವಿಶೇಷವಿಲ್ಲ. ಹೋಗುವಾಗ ಒಂದು ಫೈಬರ್ ದೋಣಿ, ಅದರ ಬೆನ್ನಿಗೆ ತಗುಲಿಸುವ ಸೆಕೆಂಡ್‌ಹ್ಯಾಂಡ್ ಔಟ್‌ಬೋರ್ಡ್ ಇಂಜಿನ್, ಒಂದು ಕೆಂಪು ಪ್ಲಾಸ್ಟಿಕ್ ಟ್ಯಾಂಕಿ ಇಷ್ಟನ್ನೂ ನನ್ನ ವಶಕ್ಕೆ ಕೊಟ್ಟು, "ಬಾವ, ನೀವು ಸೈನ್ಸ್ ಮಾಷ್ಟ್ರಲ್ದಾ? ನಿಮ್ಗೆ ಇದೆಲ್ಲ ಎಂತ ದೊಡ್ಡ ಸಂಗ್ತಿ!" ಎಂದ. ನನ್ನನ್ನು ಮುಳುಗಿಸಿದ್ದು ಹೊಳೆಯಲ್ಲ, ಈ ಮಾತು. 31 ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವನಿಗೆ ಇಷ್ಟು ಹೊಗಳಿಕೆ ಸಾಕು, ಅವನು ವಿಮಾನವನ್ನೂ ಹಾರಿಸಲು ಹೊರಡುತ್ತಾನೆ.

ಇಂಜಿನಿನ ಶಕ್ತಿ 9.9 ಅಶ್ವಶಕ್ತಿ. ಇದೇನು ಬಾಟಾ ಚಪ್ಪಲಿಯ ಬೆಲೆಯ ಹಾಗೆ ಎಂದು ನನಗೆ ಮೊದಲು ನಗು ಬಂದಿತ್ತು. ಹತ್ತನೆಯ ಕುದುರೆಗೆ ಒಂದು ಕಾಲು ಕುಂಟಾಗಿರಬೇಕು ಎಂದುಕೊಂಡೆ. ಆಮೇಲೆ ತಿಳಿದದ್ದು, ಹತ್ತರ ಒಳಗಿರುವುದಕ್ಕೂ ಒಂದು ಬೆಲೆಯಿದೆ. ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆದರೆ 10 ಅಶ್ವಶಕ್ತಿಯೊಳಗಿನ ಇಂಜಿನ್ ಕಟ್ಟಿಕೊಂಡ ನಾಡದೋಣಿಗೆ ಆ ನಿಷೇಧ ತಾಗುವುದಿಲ್ಲ. ನಾನು ಮೀನು ಹಿಡಿಯುವವನಲ್ಲ, ಆ ಮಾತು ಬೇರೆ.

ಟ್ಯಾಂಕಿಯ ವಿಷಯ ಹೇಳಬೇಕು, ಯಾಕೆಂದರೆ ಇದು ಅದರದೇ ಕಥೆ. ಇಪ್ಪತ್ತನಾಲ್ಕು ಲೀಟರಿನ ಚಪ್ಪಟೆ ಟ್ಯಾಂಕಿ, ಮೇಲೊಂದು ಹಿಡಿ, ಮದುವೆಗೆ ಹೋಗುವ ಸೂಟ್‌ಕೇಸಿನ ಹಾಗೆ ಎತ್ತಿಕೊಂಡು ಹೋಗಬಹುದು. ಅದರಿಂದ ಒಂದು ಪೈಪು ಹೊರಟು ಇಂಜಿನಿಗೆ ಹೋಗುತ್ತದೆ. ಪೈಪಿನ ನಡುವೆ, ಹೆಬ್ಬಾವು ಕೋಳಿಮೊಟ್ಟೆ ನುಂಗಿದ ಹಾಗೆ, ಒಂದು ರಬ್ಬರ್ ಬಲ್ಬು. ಡಾಕ್ಟರರು ರಕ್ತದೊತ್ತಡ ನೋಡುವಾಗ ಪುಸುಪುಸು ಒತ್ತುತ್ತಾರಲ್ಲ, ಅದೇ ಜಾತಿಯದು. ಟ್ಯಾಂಕಿಯ ಮುಚ್ಚಳದ ನೆತ್ತಿಯಲ್ಲಿ ಒಂದು ಚಿಕ್ಕ ತಿರುಪು ಇತ್ತು. ಅದು ಯಾಕಿದೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಸೈನ್ಸ್ ಮಾಷ್ಟ್ರು ಕೇಳುವುದುಂಟೇ? ಅಂದಕ್ಕೆ ಇಟ್ಟಿರಬೇಕು ಎಂದು ಬಗೆದಿದ್ದೆ.

ಆರು ತಿಂಗಳು ಇಂಜಿನ್ ಸುಮ್ಮನೆ ಓಡಿತು. ನಾನೂ ಸುಮ್ಮನೆ ಬೀಗಿದೆ.

ಆಯುಧಪೂಜೆ ಬಂತು. ಘಟ್ಟದ ಮೇಲೆ ನಮ್ಮ ಅಪ್ಪ ಹಾರೆ, ಪಿಕ್ಕಾಸು, ಅಡಿಕೆ ಸುಲಿಯುವ ಕತ್ತಿಗಳನ್ನೆಲ್ಲ ತೊಳೆದು ಗಂಧ ಹಚ್ಚುತ್ತಿದ್ದರು. ನನಗಿರುವುದು ಇದೊಂದೇ ಆಯುಧ. ಟ್ಯಾಂಕಿಯನ್ನು ಸೋಪುನೀರಿನಲ್ಲಿ ತಿಕ್ಕಿ ತೊಳೆದೆ. ತೊಳೆಯುವಾಗ ಒಳಗೆ ನೀರು ಹೋಗಬಾರದೆಂಬ ಮುಂದಾಲೋಚನೆಯಿಂದ, ನೆತ್ತಿಯ ಆ ತಿರುಪನ್ನು ಗಟ್ಟಿಯಾಗಿ ಬಿಗಿದೆ. ಹಿಂದಿನವರು ಅದನ್ನು ಸಡಿಲ ಬಿಟ್ಟಿದ್ದು ಕಂಡು, ಎಷ್ಟು ಅಸಡ್ಡೆಯ ಜನ ಎಂದು ಮರುಗಿದೆ. ಮೇಲೆ ಗಂಧ, ಅದರ ಮೇಲೆ ಕುಂಕುಮ, ಅದರ ಮೇಲೆ ಒಂದು ಸೇವಂತಿಗೆ. ಇಂಜಿನಿನ ಮುಂದೆ ಕುಂಬಳಕಾಯಿಯನ್ನೂ ಒಡೆದಾಯಿತು.

ಆಮೇಲೆ ಎರಡು ಸಲ ದೋಣಿ ಬಿಟ್ಟೆ. ಟ್ಯಾಂಕಿಯಲ್ಲಿ ಅರ್ಧಕ್ಕಿಂತ ಕಡಿಮೆ ಪೆಟ್ರೋಲಿತ್ತು, ಏನೂ ತೊಂದರೆಯಾಗಲಿಲ್ಲ. ಈ ಸಂಗತಿಯನ್ನು ಓದುಗರು ಸೆರಗಿನ ತುದಿಗೆ ಗಂಟು ಹಾಕಿ ಇಟ್ಟುಕೊಳ್ಳಬೇಕು, ಮುಂದೆ ಬಿಚ್ಚುವುದಿದೆ.

ಮುಂದಿನ ವಾರ ಅತ್ತೆಯ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪುರೋಹಿತರನ್ನು ಕುದ್ರುವಿಗೆ ಮುಟ್ಟಿಸುವ ಪುಣ್ಯಕಾರ್ಯ ನನ್ನದು. ಇಂಥ ದಿನ ಪೆಟ್ರೋಲು ಮುಗಿದು ಮಾನ ಹೋಗಬಾರದೆಂದು ಟ್ಯಾಂಕಿಯನ್ನು ಕಂಠಮಟ್ಟ ತುಂಬಿಸಿದೆ. ಲೀಟರಿಗೆ 20 ಮಿಲಿಲೀಟರಿನ ಲೆಕ್ಕದಲ್ಲಿ ಟೂ-ಸ್ಟ್ರೋಕ್ ಆಯಿಲನ್ನು ಅಳೆದು ಬೆರೆಸಿದೆ. ಭಟ್ಟರನ್ನು ನಡುವಿನ ಹಲಗೆಯ ಮೇಲೆ ಕೂರಿಸಿ, ಪೂಜಾಸಾಮಗ್ರಿಯ ಗಂಟನ್ನು ಅವರ ತೊಡೆಯ ಮೇಲಿಟ್ಟೆ. ಹುಟ್ಟು ಒಂದಿತ್ತು, ಆದರೆ ನನ್ನಾಕೆ ಅದಕ್ಕೆ ಬಟ್ಟೆ ಒಣಗಿಸುವ ಹಗ್ಗಕ್ಕೆ ಕೊಟ್ಟ ಆಧಾರದ ಕಂಬವಾಗಿ ಬಡ್ತಿ ಕೊಟ್ಟಿದ್ದಳು. ಇಂಜಿನ್ ಇರುವವನಿಗೆ ಹುಟ್ಟು ಯಾಕೆ!

ಹೊರಟದ್ದು ಗಂಭೀರವಾಗಿಯೇ. ಐದು ನಿಮಿಷ ಕಳೆದಿರಬಹುದು, ಸರಿಯಾಗಿ ನಡುಹೊಳೆ. ಇಂಜಿನಿನ ದನಿ ಸ್ವಲ್ಪ ಇಳಿಯಿತು. ಸಭೆಯಲ್ಲಿ ಭಾಷಣ ಮಾಡುತ್ತಿರುವವರಿಗೆ ಚೀಟಿ ಬಂದಾಗ ಆಗುತ್ತದಲ್ಲ, ಆ ಥರ. ಮತ್ತೆ ಚೇತರಿಸಿಕೊಂಡಿತು, ಮತ್ತೆ ಇಳಿಯಿತು, ಎರಡು ಸಲ ಕೆಮ್ಮಿ ನಿಂತೇ ಹೋಯಿತು. ಇಂಜಿನ್ ನಿಂತಮೇಲೆ ಹೊಳೆಯಲ್ಲಿ ಎಷ್ಟು ನಿಶ್ಶಬ್ದವಿರುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಭಟ್ಟರು ಎಲೆಯಡಿಕೆ ಜಗಿಯುವುದೂ ಕೇಳುತ್ತಿತ್ತು.

ಹಗ್ಗ ಎಳೆದೆ. ಎಳೆದೆ ಎಂದರೆ ಒಂದೆರಡು ಸಲವಲ್ಲ. ಉಪ್ಪಿನಕುದ್ರಿನ ಸೂತ್ರದ ಬೊಂಬೆಯಾಟ ನೀವು ನೋಡಿರಬಹುದು. ಅಲ್ಲಿ ಸೂತ್ರ ಹಿಡಿದವನು ಎಳೆದರೆ ಬೊಂಬೆ ಕುಣಿಯುತ್ತದೆ. ಇಲ್ಲಿ ಬೊಂಬೆ ಗಪ್ಪಾಗಿ ಕೂತು, ಸೂತ್ರ ಹಿಡಿದ ನಾನೇ ಕುಣಿಯುತ್ತಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಒಂದರ್ಧ ನಿಮಿಷ ಓಡಿದ ಹಾಗೆ ಮಾಡಿ ಮತ್ತೆ ಸಾಯುತ್ತಿತ್ತು. ಆಸೆ ತೋರಿಸಿ ಕೈಕೊಡುವ ಈ ಗುಣವೇ ಮನುಷ್ಯನನ್ನು ಹಣ್ಣು ಮಾಡುವುದು.

ಈಗ ನನ್ನೊಳಗಿನ ವಿಜ್ಞಾನಿ ಎಚ್ಚತ್ತ. ಸ್ಪಾನರ್ ತೆಗೆದು, ಇಂಜಿನಿನ ಟೋಪಿ ಬಿಚ್ಚಿ, ಸ್ಪಾರ್ಕ್ ಪ್ಲಗ್ಗು ಕಳಚಿ, ಹೊಸ ಶರಟಿನ ತುದಿಯಲ್ಲಿ ಒರೆಸಿ, ಬಾಯಿಯಿಂದ ಊದಿ ಮತ್ತೆ ಹಾಕಿದೆ. ರಿಪೇರಿಯೆಂದರೆ ಕೈಗೆ ಮಸಿ ಆಗಬೇಕು ಎಂಬುದು ನನ್ನಂಥವರ ನಂಬಿಕೆ. ಮಸಿ ಬೇಕಾದಷ್ಟು ಆಯಿತು. ಇಂಜಿನ್ ಏಳಲಿಲ್ಲ.

"ಆಯುಧಪೂಜೆ ಮಾಡಿದ್ರಿಯಷ್ಟೆ?" ಎಂದರು ಭಟ್ಟರು.

"ಮಾಡಿದ್ದೇನೆ, ಕುಂಬಳಕಾಯಿ ಸಮೇತ."

"ಹಾಗಾದರೆ ದೋಷ ಬೇರೆಲ್ಲೋ ಇದೆ," ಎಂದು ಅವರು ಅಳಿವೆಯ ಕಡೆ ನೋಡಿದರು. ನಾನೂ ನೋಡಿದೆ. ಇಳಿತದ ಹೊತ್ತು. ದೋಣಿ ಯಾರ ಅಪ್ಪಣೆಗೂ ಕಾಯದೆ ಗಂಗೊಳ್ಳಿಯ ದಿಕ್ಕಿಗೆ ಸಾಗುತ್ತಿತ್ತು. ಮುಂದೆ ಅಳಿವೆ, ಆಮೇಲೆ ಅರಬ್ಬಿ ಸಮುದ್ರ, ಆಮೇಲೆ ನೇರ ಹೋದರೆ ಅರಬ್ಬರ ದೇಶ. ಸತ್ಯನಾರಾಯಣ ಕಥೆಯಲ್ಲೂ ಒಬ್ಬ ಸಾಧು ವರ್ತಕನ ಹಡಗು ಮುಳುಗುತ್ತದೆ ಎಂಬುದು ಅದೇ ಗಳಿಗೆಯಲ್ಲಿ ನೆನಪಾಗಬೇಕೇ? ಭಟ್ಟರಿಗೂ ಅದೇ ನೆನಪಾಗಿದೆ ಎಂದು ಅವರ ಮುಖ ಹೇಳುತ್ತಿತ್ತು. ದೋಣಿಯಲ್ಲಿದ್ದದ್ದು ಒಂದೇ ಲೈಫ್ ಜಾಕೆಟ್. ನಾನು ಅದನ್ನು ಭಟ್ಟರ ಕಡೆ ಚಾಚಿದೆ, ಅವರು ಸಂಕೋಚದಿಂದ ನನ್ನ ಕಡೆ ನೂಕಿದರು. ಊಟದ ಪಂಕ್ತಿಯಲ್ಲಿ ಕೊನೆಯ ಹೋಳಿಗೆಗೆ ನಡೆಯುವ ಉಪಚಾರದ ಹಾಗೆ ಇದು ನಡೆಯುತ್ತಿರುವಾಗ, ಹತ್ತಿರದಿಂದಲೇ ಒಂದು ದನಿ ಬಂತು:

"ಹ್ವಾಯ್ ಮಾಷ್ಟ್ರೆ, ಗಾಳಿ ಬಿಟ್ಟಿರಾ?"

ತಿರುಗಿ ನೋಡಿದರೆ ಹತ್ತು ಮಾರು ದೂರದಲ್ಲಿ ಒಬ್ಬ ಹೆಂಗಸು ಚಿಪ್ಪು ಹೆಕ್ಕುತ್ತ ನಿಂತಿದ್ದಾಳೆ. ನೀರು ಅವಳ ಸೊಂಟದ ತನಕ ಮಾತ್ರ. ನಾವು ಅರಬ್ಬರ ದೇಶಕ್ಕೆ ಹೊರಟದ್ದು ಸೊಂಟಮಟ್ಟದ ನೀರಿನಲ್ಲಿ ಎಂಬುದು ಅವಮಾನದ ಮೊದಲ ಕಂತು. ಭಟ್ಟರು ಅವಳ ಪ್ರಶ್ನೆಯನ್ನು ಅಪಾರ್ಥ ಮಾಡಿಕೊಂಡು ಥಟ್ಟನೆ ಬೇರೆ ಕಡೆ ಮುಖ ತಿರುಗಿಸಿದರು. ನಾನೂ ಒಂದು ಕ್ಷಣ ಹಾಗೇ ತಿಳಿದೆ. "ಏನಕ್ಕಾ?" ಎಂದೆ.

"ಟ್ಯಾಂಕಿದ್ ಗಾಳಿ ಮಾರಾಯ್ರೆ! ಮುಚ್ಳದ್ ಮೇಲೆ ತಿರ್ಪು ಇತ್ತಲ್ದಾ? ಅದನ್ನ ಸಡ್ಲ ಮಾಡಿ. ಕಾಣಿ, ಟ್ಯಾಂಕಿ ಕೆನ್ನೆ ಒಳ್ಗ್ ಹೋಯ್ತ್."

ಆಗ ನೋಡಿದೆ. ಆ ಕೆಂಪು ಟ್ಯಾಂಕಿಯ ಎರಡೂ ಪಕ್ಕಗಳು ಹಲ್ಲು ಬಿದ್ದ ಮುದುಕಿಯ ಕೆನ್ನೆಯ ಹಾಗೆ ಒಳಕ್ಕೆ ಎಳೆದುಕೊಂಡಿದ್ದವು. ರಬ್ಬರ್ ಬಲ್ಬು ಬಿಸಿಲಿಗೆ ಬಿದ್ದ ಗೇರುಹಣ್ಣಿನಂತೆ ಚಪ್ಪಟೆ. ಒಣಗಿದ ಸೇವಂತಿಗೆಯನ್ನು ಎತ್ತಿ, ಕುಂಕುಮ ಕೆರೆದು, ತಿರುಪನ್ನು ಒಂದು ಸುತ್ತು ತಿರುಗಿಸಿದೆ. "ಸ್‌ಸ್‌ಸ್" ಎಂದು ಉಸಿರು ಒಳಗೆ ಹೋಯಿತು. ಹೊರಗೆ ಬಂದದ್ದಲ್ಲ, ಒಳಗೆ ಹೋದದ್ದು. ಟ್ಯಾಂಕಿಯ ಕೆನ್ನೆ "ಡುಬ್" ಎಂದು ಮೊದಲಿನ ಹಾಗಾಯಿತು. ಬಲ್ಬನ್ನು ಏಳೆಂಟು ಸಲ ಒತ್ತಿದೆ, ಅದು ಗಟ್ಟಿಯಾಯಿತು. ಹಗ್ಗ ಎಳೆದೆ. ಒಂದೇ ಎಳೆತ.

ತಿರುಗಿ ನೋಡಿದರೆ ಅವಳು ನಮ್ಮನ್ನು ಮರೆತು ಕಾಲಿನಿಂದ ಮರಳು ತಡವುತ್ತ ಮುಂದಿನ ಚಿಪ್ಪಿಗೆ ಬಗ್ಗಿದ್ದಳು.

ಹೇಳಿದೆನಲ್ಲ, 31 ವರ್ಷ ಪಾಠ ಮಾಡಿದ್ದೆ. ಆ ಪಾಠದಲ್ಲಿ ನನ್ನ ಅತ್ಯಂತ ಜನಪ್ರಿಯ ಪ್ರಯೋಗ ಯಾವುದು ಗೊತ್ತೇ? ತಗಡಿನ ಡಬ್ಬದಲ್ಲಿ ಸ್ವಲ್ಪ ನೀರು ಕುದಿಸಿ, ಗಟ್ಟಿಯಾಗಿ ಮುಚ್ಚಿ, ಮೇಲೆ ತಣ್ಣೀರು ಸುರಿಯುವುದು. ಒಳಗಿನ ಹಬೆ ತಣಿದು, ಹೊರಗಿನ ಗಾಳಿಯ ಒತ್ತಡಕ್ಕೆ ಡಬ್ಬ ಮುದುಡಿ ಮುದ್ದೆಯಾಗುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಇನ್ನೊಂದು ಕಥೆಯನ್ನೂ ಹೇಳುತ್ತಿದ್ದೆ. 17ನೇ ಶತಮಾನದಲ್ಲಿ ಜರ್ಮನಿಯ ಮ್ಯಾಗ್ಡಬರ್ಗ್ ಊರಿನ ಆಟೋ ಫಾನ್ ಗೆರಿಕೆ ಎಂಬಾತ ಎರಡು ತಾಮ್ರದ ಅರ್ಧಗೋಳಗಳನ್ನು ಜೋಡಿಸಿ ಒಳಗಿನ ಗಾಳಿಯನ್ನು ಹೀರಿ ತೆಗೆದ; ಆಚೆ ಎಂಟು, ಈಚೆ ಎಂಟು ಕುದುರೆ ಕಟ್ಟಿ ಎಳೆಸಿದರೂ ಅವು ಬಿಡಲೊಲ್ಲವು. ಹದಿನಾರು ನಿಜವಾದ ಕುದುರೆಗಳಿಗೆ ಬಗ್ಗದ ಗಾಳಿ ನನ್ನ ಒಂಬತ್ತೂ ಚಿಲ್ಲರೆ ಕುದುರೆಗೆ ಬಗ್ಗೀತೇ? ಇಷ್ಟೆಲ್ಲ ಗೊತ್ತಿದ್ದವನು ನಡುಹೊಳೆಯಲ್ಲಿ ಪ್ಲಗ್ಗು ಒರೆಸುತ್ತ ಕೂತಿದ್ದೆ.

ಅದೂ ಹೋಗಲಿ. ನಮ್ಮ ಮನೆಯ ಅಡುಗೆಮನೆಯಲ್ಲಿ ಇದೇ ವಿದ್ಯೆ ದಿನವೂ ನಡೆಯುತ್ತದೆ. ಎಣ್ಣೆಯ ದೊಡ್ಡ ಡಬ್ಬ ತಂದಾಗ ನನ್ನಾಕೆ ಮೊಳೆ ಇಟ್ಟು ಗುದ್ದಿ ಎರಡು ತೂತು ಮಾಡುತ್ತಾಳೆ. ಈ ಮೂಲೆಯಲ್ಲೊಂದು, ಎದುರು ಮೂಲೆಯಲ್ಲೊಂದು. ಒಂದು ಎಣ್ಣೆ ಬರಲು, ಇನ್ನೊಂದು ಗಾಳಿ ಹೋಗಲು. ಒಂದೇ ತೂತು ಮಾಡಿ ಬಗ್ಗಿಸಿದರೆ ಡಬ್ಬ ಬಿಕ್ಕಳಿಸುತ್ತದೆ, ಗುಳುಕ್ ಎಂದು ಒಂದಷ್ಟು ಕಾರಿ ನಿಲ್ಲುತ್ತದೆ. ಈ ಎರಡನೆಯ ತೂತಿನ ತತ್ವವನ್ನು ಅವಳಿಗೆ ಯಾವ ಹೈಸ್ಕೂಲಿನಲ್ಲೂ ಯಾರೂ ಕಲಿಸಿಲ್ಲ. ಮಾಡಿನ ಮೇಲಿನ ನೀರಿನ ಟ್ಯಾಂಕಿನಿಂದ ಹೊರಡುವ ಪೈಪಿಗೆ ಪ್ಲಂಬರು ಒಂದು ಉದ್ದದ ಗಾಳಿಕೊಳವೆ ನಿಲ್ಲಿಸುತ್ತಾನೆ, ಅದೂ ಇದೇ. ಟ್ಯಾಂಕಿಯ ನೆತ್ತಿಯ ಆ ತಿರುಪು ಎಣ್ಣೆಡಬ್ಬದ ಎರಡನೆಯ ತೂತು. ಇಂಜಿನಿನೊಳಗಿನ ಪಂಪು ಪೆಟ್ರೋಲನ್ನು ಹೀರುವುದು ಮಗು ಸ್ಟ್ರಾದಲ್ಲಿ ಎಳನೀರು ಹೀರಿದಷ್ಟೇ ಬಲದಲ್ಲಿ. ಹೀರಿದಷ್ಟು ಜಾಗಕ್ಕೆ ಗಾಳಿ ಬಾರದಿದ್ದರೆ ಅದಕ್ಕೆ ಎಷ್ಟೊತ್ತು ದಮ್ಮು ಇದ್ದೀತು?

ಈಗ ಸೆರಗಿನ ಗಂಟು ಬಿಚ್ಚೋಣ. ಅರ್ಧ ಟ್ಯಾಂಕಿಯಲ್ಲಿ ಓಡಿದ್ದು ತುಂಬಿದ ಟ್ಯಾಂಕಿಯಲ್ಲಿ ಯಾಕೆ ನಿಂತಿತು? ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ, ಲೆಕ್ಕ ಹಾಕುವುದು ಒಂದೇ ನನಗೆ ಬರುವ ಕೆಲಸ. ಟ್ಯಾಂಕಿಯಲ್ಲಿ ಹನ್ನೆರಡು ಲೀಟರ್ ಗಾಳಿ ಇದ್ದರೆ, ಮುನ್ನೂರು ಮಿಲಿಲೀಟರ್ ಪೆಟ್ರೋಲು ಖಾಲಿಯಾದಾಗ ಆ ಗಾಳಿ ಸ್ವಲ್ಪ ಕಾಲು ಚಾಚಿ ಮಲಗುತ್ತದೆ, ಒತ್ತಡ ಇಳಿಯುವುದು ನೂರಕ್ಕೆ ಎರಡು ಮೂರು ಪಾಲು. ಕಂಠಮಟ್ಟ ತುಂಬಿ ಒಂದೇ ಲೀಟರ್ ಗಾಳಿ ಉಳಿದಿದ್ದರೆ ಅದೇ ಮುನ್ನೂರು ಮಿಲಿಲೀಟರಿಗೆ ಒತ್ತಡ ನೂರಕ್ಕೆ ಇಪ್ಪತ್ತಕ್ಕೂ ಮಿಕ್ಕಿ ಬೀಳುತ್ತದೆ. ಟ್ಯಾಂಕಿಯ ಕೆನ್ನೆ ಒಳಗೆ ಹೋಗಿ ಸ್ವಲ್ಪ ಸುಧಾರಿಸೀತು, ಅಷ್ಟೆ. ಅಂದರೆ ಪೆಟ್ರೋಲು ಮುಗಿದು ಮಾನ ಹೋಗಬಾರದೆಂದು ನಾನು ಪಟ್ಟ ಎಚ್ಚರಿಕೆಯೇ ಮಾನ ಕಳೆದದ್ದು. ಈ ಲೆಕ್ಕವನ್ನು ಭಟ್ಟರಿಗೆ ತೋರಿಸಿದೆ. ಅವರು ತಾಳ್ಮೆಯಿಂದ ಕೇಳಿ, "ಅಂತೂ ದೋಷ ಇತ್ತು," ಎಂದರು.

ಇಷ್ಟಾದಮೇಲೆ ನನಗೆ ಟ್ಯಾಂಕಿಯ ಹುಚ್ಚು ಹಿಡಿಯಿತು. ನಾಡದೋಣಿಗಳು ನಿಲ್ಲುವ ದಕ್ಕೆಗೆ ಹೋಗಿ, ಅಲ್ಲಿ ಬಲೆ ನೇಯುತ್ತ ಕೂರುವ ಒಬ್ಬ ಹಿರಿಯರ ಪಕ್ಕ ಕೂತು ಪಾಠ ಹೇಳಿಸಿಕೊಂಡೆ. ಅವರ ಪಾಠದ ಮೊದಲ ಸೂತ್ರ: "ಇಂಜಿನ್ ಕುತ್ಗಿಗೆ ಕೈ ಹಾಕೂಕ್ ಮುಂಚೆ ಟ್ಯಾಂಕಿ ಕಾಣಿ, ಪೈಪ್ ಕಾಣಿ." ಅವರದು ಸೀಮೆಎಣ್ಣೆಯ ಇಂಜಿನ್. ಅದರ ಉಪಚಾರವೇ ಬೇರೆ. ಮೊದಲು ಪೆಟ್ರೋಲಿನಲ್ಲಿ ಎಬ್ಬಿಸಬೇಕು, ಬಿಸಿಯಾದಮೇಲೆ ಸೀಮೆಎಣ್ಣೆಗೆ ಹೊರಳಿಸಬೇಕು, ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲು ಕುಡಿಸಬೇಕು, ಇಲ್ಲವಾದರೆ ಮರುದಿನ ಬೆಳಿಗ್ಗೆ ಏಳುವುದಿಲ್ಲ. ಎದ್ದಕೂಡಲೇ ಕಾಫಿ, ಆಮೇಲೆ ದುಡಿತ, ಮಲಗುವ ಮುಂಚೆ ಒಂದು ಲೋಟ ಹಾಲು. ನಮ್ಮ ಮನೆಯಲ್ಲಿ ನನಗೂ ಇಷ್ಟು ನಡೆಯುವುದಿಲ್ಲ.

ರಬ್ಬರ್ ಬಲ್ಬಿನ ನಾಡಿ ಹಿಡಿಯುವುದನ್ನು ಕಲಿಸಿದವರೂ ಅವರೇ. ಇಂಜಿನ್ ನಿಂತಕೂಡಲೇ ಬಲ್ಬು ಮುಟ್ಟಿ ನೋಡಬೇಕು. ಹೀರಿಕೊಂಡು ಚಪ್ಪಟೆಯಾಗಿದ್ದರೆ ರೋಗ ಟ್ಯಾಂಕಿಯ ಕಡೆಗೆ: ಗಾಳಿ ಮುಚ್ಚಿದೆ, ಇಲ್ಲವೇ ಒಳಗಿನ ಕೊಳವೆಯ ತುದಿಯ ಜಾಲರಿಗೆ ಕಸ ಕಟ್ಟಿದೆ, ಅಥವಾ ಯಾರೋ ಪೈಪನ್ನು ತುಳಿದು ನಿಂತಿದ್ದಾರೆ. (ಈ ಕೊನೆಯದು ತಮಾಷೆಯಲ್ಲ. ನನ್ನ ದೋಣಿಯಲ್ಲಿ ಮೂರು ಸಲ ಆಗಿದೆ, ಮೂರೂ ಸಲ ಪಾದ ನನ್ನದೇ.) ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ; ಪೈಪಿನ ಕೊಂಡಿಯೊಳಗಿನ ರಬ್ಬರ್ ಉಂಗುರ ಸವೆದಿರಬಹುದು, ಬಲ್ಬೇ ಬಿರಿದಿರಬಹುದು. ಬೆಣಚುಕಲ್ಲಿನ ಹಾಗೆ ಗಟ್ಟಿಯಾಗಿ ನಿಂತಿತೋ, ಟ್ಯಾಂಕಿ ಬಹುಮಟ್ಟಿಗೆ ನಿರಪರಾಧಿ. ಆಗ ಬೇಕಾದರೆ ಪ್ಲಗ್ಗು ಬಿಚ್ಚಿ, ಮಸಿ ಮಾಡಿಕೊಳ್ಳಿ.

ವಿದ್ಯೆ ಬಂದವನು ಸುಮ್ಮನಿರುವುದಿಲ್ಲ. ನನ್ನ ಬಲ್ಬು ಹಳತಾಗಿ ಬಿರುಕು ಕಂಡಿತ್ತು, ಹೊಸತು ತಂದು ನಾನೇ ಹಾಕಿದೆ. ಒತ್ತಿದೆ. ನೂರು ಸಲ, ಇನ್ನೂರು ಸಲ. ಅಂಗೈ ಕೆಂಪಾಯಿತೇ ಹೊರತು ಒಂದು ತೊಟ್ಟು ಪೆಟ್ರೋಲು ಇಂಜಿನಿಗೆ ಹೋಗಲಿಲ್ಲ. ದಡದಲ್ಲಿ ಗಾಳ ಹಾಕಿ ಕೂತಿದ್ದ ಏಳೆಂಟು ವರ್ಷದ ಹುಡುಗ ಬಹಳ ಹೊತ್ತು ನೋಡಿ, ಎದ್ದು ಬಂದು, ಬಲ್ಬಿನ ಮೈಮೇಲೆ ಬೆರಳಿಟ್ಟ. ಅಲ್ಲೊಂದು ಬಾಣದ ಗುರುತಿತ್ತು. ಬಾಣ ಇಂಜಿನಿನ ಕಡೆ ನೋಡಬೇಕು. ನಾನು ಹಾಕಿದ್ದು ಟ್ಯಾಂಕಿಯ ಕಡೆಗೆ. ಬಲ್ಬಿನ ಎರಡು ತುದಿಯಲ್ಲೂ ಒಂದೇ ದಿಕ್ಕಿಗೆ ಬಿಡುವ ಬಾಗಿಲುಗಳಿವೆ, ಹಿಂದೆ ಹೋಗಗೊಡುವುದಿಲ್ಲ. ಒತ್ತುವಾಗ ಬಾಣದ ಮೊನೆ ಆಕಾಶ ನೋಡುವಂತೆ ನೆಟ್ಟಗೆ ಹಿಡಿದರೆ ಬೇಗ ತುಂಬುತ್ತದೆ ಎಂದೂ ಆ ಹುಡುಗನೇ ಹೇಳಿದ. ಪುಣ್ಯಕ್ಕೆ ಅವನು ನಮ್ಮ ಶಾಲೆಯವನಲ್ಲ.

ಮಾತು ಎಲ್ಲಿಂದ ಎಲ್ಲಿಗೋ ಹೋಯಿತು. ಈ ಔಟ್‌ಬೋರ್ಡ್ ಇಂಜಿನನ್ನು ಜಗತ್ತಿಗೆ ಹರಡಿದ ಓಲೆ ಎವಿನ್‌ರೂಡ್ ಎಂಬವರ ಕಥೆ ಗೊತ್ತೇ? ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬೆಳೆದವರು. ಬೇಸಿಗೆಯ ಒಂದು ದಿನ ಸರೋವರದ ದಡದಲ್ಲಿ ಬೆಸ್ ಎಂಬಾಕೆಗೆ ಐಸ್‌ಕ್ರೀಂ ತಿನ್ನುವ ಆಸೆಯಾಯಿತಂತೆ. ಇವರು ಹುಟ್ಟು ಹಾಕಿಕೊಂಡು ಆಚೆ ದಡಕ್ಕೆ ಹೋಗಿ ತಂದರು. ವಾಪಸು ಮುಟ್ಟುವಷ್ಟರಲ್ಲಿ ಐಸ್‌ಕ್ರೀಂ ಕರಗಿ ನೀರಾಗಿತ್ತು. ಆ ಸಂಕಟದಿಂದ ಹುಟ್ಟಿದ ಇಂಜಿನ್ 1909ರಲ್ಲಿ ಮಾರಾಟಕ್ಕೆ ಬಂತು ಎಂದು ಕಥೆ. ಅದರ ಶಕ್ತಿ ಒಂದೂವರೆ ಕುದುರೆ, ಟ್ಯಾಂಕಿ ಇಂಜಿನಿನ ಮೈಗೇ ಅಂಟಿಕೊಂಡಿತ್ತು. ಬೆಸ್ ಅವರೇ ಮುಂದೆ ಅವರ ಹೆಂಡತಿಯಾಗಿ ವ್ಯಾಪಾರದ ಬೆನ್ನೆಲುಬಾದರು. ಈ ಕಥೆಯನ್ನು ನನ್ನಾಕೆಗೆ ಹೇಳಿದೆ. "ನೀವಾಗಿದ್ದರೆ ಐಸ್‌ಕ್ರೀಂ ಅಂಗಡಿಯಲ್ಲೇ ಕೂತು ತಿಂದು ಬರುತ್ತಿದ್ದಿರಿ," ಎಂದಳು. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿದ ಸಂಸಾರದ ಅನುಭವದ ಮೇಲೆ ಆಡಿದ ಮಾತು, ನಾನು ಎದುರಾಡಲಿಲ್ಲ.

ಇನ್ನೊಂದು ಸಲ ಇಂಜಿನ್ ವಿಚಿತ್ರ ಹಟ ಹಿಡಿಯಿತು. ಟ್ಯಾಂಕಿ ತುಂಬಿದ್ದಾಗ ಚೆನ್ನಾಗಿ ಓಡುತ್ತದೆ, ಅರ್ಧಕ್ಕಿಳಿದರೆ ನಿಲ್ಲುತ್ತದೆ. ಹಿಂದಿನ ರೋಗಕ್ಕೆ ಸರಿಯಾಗಿ ಉಲ್ಟಾ. ಗಾಳಿ ಬಿಟ್ಟಿದೆ, ಬಾಣ ಸರಿಯಿದೆ, ಪಾದ ಪೈಪಿನ ಮೇಲಿಲ್ಲ. ಹಿರಿಯರು ನೋಡದೆಯೇ ಹೇಳಿದರು: ಒಳಗಿನ ಕೊಳವೆ ಸೀಳಿದೆ. ಬಿಚ್ಚಿ ತೆಗೆದರೆ ಹೌದು, ಟ್ಯಾಂಕಿಯ ತಳದ ತನಕ ಇಳಿಯುವ ಆ ತೆಳು ಕೊಳವೆಯ ನಡುವಿನಲ್ಲಿ ಕೂದಲೆಳೆಯ ಸೀಳು. ಪೆಟ್ರೋಲು ಸೀಳಿನ ಮೇಲಿರುವ ತನಕ ಎಲ್ಲ ಕ್ಷೇಮ. ಅದಕ್ಕಿಂತ ಕೆಳಗಿಳಿದರೆ ತೂತು ಬಿದ್ದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ, ಬಾಯಿಗೆ ಬರುವುದು ಬರಿ ಗಾಳಿ. ಆ ಕೊಳವೆಯ ಬೆಲೆ ಚಿಲ್ಲರೆ. ಅಷ್ಟರಲ್ಲಿ ನಾನು ಕಾರ್ಬ್ಯುರೇಟರನ್ನು ಎರಡು ಸಲ ಬಿಚ್ಚಿಸಿ, ಮೆಕ್ಯಾನಿಕನ ಮಗಳ ಮದುವೆಗೆ ಸಾಕಾಗುವಷ್ಟು ಕೊಟ್ಟಾಗಿತ್ತು.

ನೀರಿನ ಕಾಟ ಹೇಳದೆ ಬಿಟ್ಟರೆ ಹೊಳೆಗೆ ಅನ್ಯಾಯವಾದೀತು. ಪೆಟ್ರೋಲಿಗಿಂತ ನೀರು ಭಾರ, ತಳದಲ್ಲಿ ಕೂರುತ್ತದೆ; ಕೊಳವೆಯೂ ತಳದಿಂದಲೇ ಹೀರುತ್ತದೆ. ದೇವರ ಮುಂದಿನ ಗಾಜಿನ ದೀಪದಲ್ಲಿ ಕೆಳಗೆ ನೀರು ಮೇಲೆ ಎಣ್ಣೆ ಹಾಕುತ್ತಾರಲ್ಲ, ಆ ದೀಪಕ್ಕೆ ಬತ್ತಿಯನ್ನು ತಳದಲ್ಲಿಟ್ಟ ಹಾಗಾಯಿತು. ಈಗಿನ ಪೆಟ್ರೋಲಿನಲ್ಲಂತೂ ಎಥನಾಲ್ ಬೆರೆತಿರುತ್ತದೆ. ನೂರಕ್ಕೆ ಇಪ್ಪತ್ತು ಪಾಲು ಬೆರೆಸಿದ ಇ20 ಪೆಟ್ರೋಲನ್ನು ಪ್ರಧಾನಿಗಳು ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಕಬ್ಬು ಬೆಳೆದವರಿಗೆ ಒಳ್ಳೆಯದಾಗಲಿ. ಆದರೆ ಈ ಎಥನಾಲ್ ನೀರನ್ನು ಕಂಡರೆ ಬಿಡುವುದಿಲ್ಲ, ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತದೆ. ನೀರು ಹೆಚ್ಚಾಯಿತೋ, ಇಬ್ಬರೂ ಕೈ ಕೈ ಹಿಡಿದು ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿಯುತ್ತಾರೆ. ಟೂ-ಸ್ಟ್ರೋಕ್ ಆಯಿಲು ಮಾತ್ರ ಮೇಲೆ ಪೆಟ್ರೋಲಿನ ಜೊತೆಗೇ ಉಳಿಯುತ್ತದೆ. ಅಳಿವೆಯ ಬದಿಯ ತೇವದ ಗಾಳಿಯಲ್ಲಿ ತಿಂಗಳುಗಟ್ಟಲೆ ಅರ್ಧ ಟ್ಯಾಂಕಿ ಇಟ್ಟರೆ ಇದೇ ಗತಿ. ಅನುಮಾನ ಬಂದರೆ ತಳದ ಸ್ವಲ್ಪವನ್ನು ಗಾಜಿನ ಬಾಟಲಿಗೆ ಬಸಿದು ಅರ್ಧ ಗಂಟೆ ನಿಲ್ಲಿಸಿ ನೋಡಿ, ಗೆರೆ ಎಳೆದ ಹಾಗೆ ಬೇರೆಯಾಗಿ ಕಾಣುತ್ತದೆ. ನಾನು ಹಾಗೆ ನಿಲ್ಲಿಸಿದ ಬಾಟಲಿಯನ್ನು ನೋಡಿದ ನೆಂಟರೊಬ್ಬರು ಕಷಾಯವೇ ಎಂದು ಕೇಳಿದ್ದರು. ಬಾಟಲಿಯ ಮೇಲೆ ಚೀಟಿ ಅಂಟಿಸುವುದು ಅಂದಿನಿಂದ ನಮ್ಮ ಮನೆಯ ಪದ್ಧತಿ.

ಇಷ್ಟೆಲ್ಲ ಆದಮೇಲೆ ನಾನು ಗಾಳಿ ತಿರುಪಿನ ಪರಮಭಕ್ತನಾದೆ. ಯಾರ ದೋಣಿ ಕಂಡರೂ "ಗಾಳಿ ಬಿಟ್ಟಿದ್ದೀರಾ?" ಎಂದು ಕೇಳುವುದು ಚಟವಾಯಿತು. ಆ ಪ್ರಶ್ನೆಗೆ ಇನ್ನೊಂದು ಅರ್ಥವಿದೆ ಎಂಬುದು ನೆನಪಾಗುತ್ತಿದ್ದದ್ದು ಕೇಳಿ ಆದಮೇಲೆ. ತಿರುಪನ್ನು ಬಿಗಿಯಬೇಕಾದ ಸಂದರ್ಭವೂ ಉಂಟು ಎಂದು ಹಿರಿಯರು ಹೇಳಿದ್ದರು, ದೋಣಿಯಿಂದ ಇಳಿಸಿ ಬೇರೆಡೆ ಸಾಗಿಸುವಾಗ. ಹಾಗೆ ಬಿಗಿದು ಬಿಸಿಲಲ್ಲಿ ಬಿಟ್ಟರೆ ಟ್ಯಾಂಕಿ ಪೂರಿಯ ಹಾಗೆ ಉಬ್ಬುತ್ತದೆ, ಆದ್ದರಿಂದ ನೆರಳಲ್ಲಿಡಬೇಕು, ಪೈಪನ್ನು ಇಂಜಿನಿನಿಂದ ಕಳಚಿರಬೇಕು, ಇಲ್ಲವಾದರೆ ಒತ್ತಡಕ್ಕೆ ಪೆಟ್ರೋಲು ತಾನಾಗಿ ಇಂಜಿನಿಗೆ ನುಗ್ಗುತ್ತದೆ ಎಂದೂ ವಿವರಿಸಿದ್ದರು. ನಾನು ಕೇಳಿಸಿಕೊಂಡದ್ದು ಬಿಗಿದರೆ ಉಬ್ಬುತ್ತದೆ ಎಂಬಷ್ಟನ್ನು ಮಾತ್ರ. ಒಂದು ಸಲ ಬಿಗಿದು ಕೆಟ್ಟವನು ಮತ್ತೆ ಬಿಗಿಯುತ್ತಾನೆಯೇ?

ಮೇ ತಿಂಗಳ ಕೊನೆ. ಮಳೆ ಹಿಡಿಯುವ ಮುಂಚೆ ದೋಣಿಯನ್ನು ದಡಕ್ಕೆ ಎಳೆದು ಕವುಚಿ ಹಾಕಿಯಾಯಿತು. ಟ್ಯಾಂಕಿಯಲ್ಲಿ ನಾಲ್ಕೈದು ಲೀಟರ್ ಉಳಿದಿತ್ತು, ಮನೆಗೊಯ್ಯೋಣವೆಂದು ಕಾರಿನ ಡಿಕ್ಕಿಯಲ್ಲಿಟ್ಟೆ. ಅತ್ತೆ ಆ ವರ್ಷದ ಹಲಸಿನ ಹಪ್ಪಳ ಕೊಟ್ಟಿದ್ದರು, ಬಾಳೆಎಲೆಯಲ್ಲಿ ಸುತ್ತಿ ಬಟ್ಟೆಯಲ್ಲಿ ಕಟ್ಟಿದ ಇನ್ನೂರು ಹಪ್ಪಳ. ಅದನ್ನೂ ಪಕ್ಕದಲ್ಲೇ ಇಟ್ಟೆ. ತಿರುಪು ತೆರೆದೇ ಇತ್ತು. ದಾರಿಯಲ್ಲಿ ಒಂದು ನಾಯಿ ಅಡ್ಡ ಬಂತು, ಬ್ರೇಕು ಹಾಕಿದೆ, ಹಿಂದುಗಡೆ ಏನೋ ಮಗುಚಿದ ಸದ್ದಾಯಿತು. ತೆಂಗಿನಕಾಯಿ ಇರಬೇಕು ಎಂದುಕೊಂಡೆ. ಕಾರಿನ ಗಾಜು ಇಳಿಸುವಂತೆ ನನ್ನಾಕೆ ಹೇಳಿದ್ದು ಆಮೇಲೆ ಸ್ವಲ್ಪ ಹೊತ್ತಿಗೆ.

ಹಪ್ಪಳಗಳನ್ನು ಮೂರು ದಿನ ಬಿಸಿಲಿಗೆ ಹರಡಿದೆವು. ಕಾಗೆಯೂ ಮುಟ್ಟಲಿಲ್ಲ. ನಾಲ್ಕನೆಯ ದಿನ ಒಂದನ್ನು ಅಂಗಳದ ಮೂಲೆಗೆ ಒಯ್ದು, ದೂರ ನಿಂತು, ಕಡ್ಡಿ ಗೀರಿ ಎಸೆದೆ. ಪ್ರಯೋಗ ಮಾಡದೆ ತೀರ್ಮಾನಕ್ಕೆ ಬರಬಾರದು ಎಂದು ಎಷ್ಟು ಮಕ್ಕಳಿಗೆ ಹೇಳಿಲ್ಲ! ಆ ಸಂಜೆಯೇ ಅತ್ತೆಯ ಫೋನು.

"ಈ ಸಲದ್ ಹಪ್ಳ ಹೇಂಗಿತ್ತ್ ಅಳಿಯಂದ್ರೆ?"

"ಬೆಂಕಿ, ಅತ್ತೆ," ಎಂದೆ.

ಈಗಿನ ಹುಡುಗರು ಬಹಳ ಚೆನ್ನಾಗಿದೆ ಎನ್ನುವುದಕ್ಕೆ ಹಾಗೇ ಹೇಳುತ್ತಾರೆಂದು ಅವರಿಗೆ ಮೊಮ್ಮಗ ಕಲಿಸಿದ್ದಾನೆ. ಇನ್ನೊಂದು ನೂರು ಕಳಿಸುತ್ತೇನೆ ಎಂದು ಸಂತೋಷದಿಂದ ಫೋನಿಟ್ಟರು.